ಮಾಮಿಯ ನಾಲ್ಕು ರೆಕಾರ್ಡಿಂಗ್‌ಗಳು

ಮಾಮಿಯ ನೆತ್ತಿಯ ಮೇಲೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಕೂದಲು ತಗ್ಗಾಗಿ ಕೂತ ಒಂದು ಗೆರೆಯಿತ್ತು. ಎಣ್ಣೆ ಹಚ್ಚಿ ಎಷ್ಟು ಬಾಚಿದರೂ ಮುಚ್ಚುತ್ತಿರಲಿಲ್ಲ. ರೈಲ್ವೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಹೆಡ್‌ಫೋನ್ ಹಾಕಿಕೊಂಡು ಕೂತವರು ಅವರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಆ ಪಟ್ಟಿಯ ಗುರುತು ಹೋಗಿರಲಿಲ್ಲ.

ಮದ್ರಾಸಿನ ಆದಂಬಾಕ್ಕಂನಲ್ಲಿದ್ದ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಹಾಸನದಿಂದ ಬಂದು ಪೆರುಂಗುಡಿಯ ಆಫೀಸೊಂದಕ್ಕೆ ಸೇರಿದ್ದೆ. ಮಾಮಿಯ ಅಜ್ಜನ ಕಾಲಕ್ಕೇ ಅವರ ಮನೆಯವರು ಕೋಲಾರದ ಕಡೆಯಿಂದ ಮದ್ರಾಸಿಗೆ ಬಂದವರು. ಬೀದಿಯವರೆಲ್ಲ ಮಾಮಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊದಲ ದಿನವೇ, "ಸಂಡೆ ಕಾಫಿಗೆ ಕೆಳಗೆ ಬಾ ಕಣ್ಣಾ, ಕನ್ನಡ ಮಾತಾಡಿ ರೊಂಬ ದಿನ ಆಯ್ತು" ಎಂದರು.

ಕಾಫಿ ಬರೀ ನೆಪ. ಅವರಿಗೆ ಬೇಕಾಗಿದ್ದದ್ದು ಜೊತೆಗೆ ಕೂತು ಕೇಳುವ ಒಬ್ಬರು. ಕಳೆದ ಶತಮಾನದ ಇಂಗ್ಲಿಷ್ ಸಂಯೋಜಕನೊಬ್ಬನ ಒಂದು ಸಿಂಫನಿ ಅವರ ಹತ್ತಿರ ನಾಲ್ಕು ಬಗೆಯಲ್ಲಿತ್ತು. ಮೊದಲ ರೆಕಾರ್ಡನ್ನು ಎಕ್ಸ್‌ಚೇಂಜಿನ ಆಂಗ್ಲೋ ಇಂಡಿಯನ್ ಸೂಪರ್‌ವೈಸರ್ ಆಸ್ಟ್ರೇಲಿಯಾಕ್ಕೆ ಹೊರಟಾಗ ಕೊಟ್ಟುಹೋಗಿದ್ದರಂತೆ. ಉಳಿದ ಒಂದು ಕ್ಯಾಸೆಟ್, ಎರಡು ಸಿ.ಡಿ. ಮಾಮಿ ತಾವೇ ಹುಡುಕಿ ಕೊಂಡದ್ದು.

"ಸ್ವರ ಎಲ್ಲಾ ಅದೇ. ನುಡಿಸೋರು ಬೇರೆ, ನಡೆಸೋನು ಬೇರೆ. ಈ ಸಿ.ಡಿ.ಯವನಿಗೆ ಅವಸರ, ನೆಕ್ಸ್ಟ್ ಸ್ಟೇಷನ್‌ಗೆ ಸೇರ್‍ಬೇಕು. ಕ್ಯಾಸೆಟ್‌ನವನು ನಿಂತು ನಿಂತು ಹೋಗ್ತಾನೆ, ನೋಡು."

ನನಗೆ ಮೊದಮೊದಲು ನಾಲ್ಕೂ ಒಂದೇ ಥರ ಕೇಳಿಸುತ್ತಿದ್ದವು. ಮಾಮಿ ಬೇಸರಪಡಲಿಲ್ಲ. ಒಂದೇ ನಿಮಿಷದ ತುಣುಕನ್ನು ನಾಲ್ಕರಲ್ಲೂ ಹಾಕಿ ತೋರಿಸುತ್ತಿದ್ದರು. ತಿಂಗಳುಗಳು ಕಳೆದ ಮೇಲೆ, ಪಿಟೀಲಿನವರು ಒಂದರಲ್ಲಿ ಉಸಿರು ಬಿಗಿಹಿಡಿದಂತೆ, ಇನ್ನೊಂದರಲ್ಲಿ ಆಯಾಸಗೊಂಡಂತೆ ನುಡಿಸುವುದು ನನಗೂ ತಿಳಿಯತೊಡಗಿತು.

ಆ ಸಿಂಫನಿಯ ಕೊನೆಯ ಭಾಗ ಉದ್ದಕ್ಕೂ ಪಿಸುಮಾತಿನಂತಿದೆ. ತೀರಾ ಕೊನೆಯಲ್ಲಿ ಎರಡೇ ಸ್ವರಗುಚ್ಛಗಳು ಒಂದಾದ ಮೇಲೊಂದು ಬಂದು, ತೆಳುವಾಗಿ, ಇಲ್ಲವಾಗುತ್ತವೆ. ಒಂದು ಭಾನುವಾರ ಅವು ಇನ್ನೂ ನಡೆಯುತ್ತಿದ್ದಾಗಲೇ ಮಾಮಿ ಎದ್ದು ರೆಕಾರ್ಡಿನ ಮೇಲಿಂದ ಮುಳ್ಳು ಎತ್ತಿಬಿಟ್ಟರು. ನನ್ನ ಮುಖ ನೋಡಿದರು.

"ಇನ್ನೂ ಇತ್ತಾ?"

"ಇಲ್ಲ ಮಾಮಿ, ಮುಗ್ದಿತ್ತು."

"ಫೋನಲ್ಲಿ ಎಷ್ಟು ಜನರ ಸುಳ್ಳು ಕೇಳಿದೀನಿ ಗೊತ್ತಾ?" ಎಂದರು. ಸ್ವರದಲ್ಲಿ ಕೋಪವಿರಲಿಲ್ಲ. ಮುಳ್ಳನ್ನು ಅದರ ಜಾಗದಲ್ಲಿಟ್ಟರು. "ಮೆಲ್ಲಗಿರೋದೆಲ್ಲ ಹೋಗ್ತಾ ಇದೆ ಕಣ್ಣಾ. ಡಾಕ್ಟರು ವಯಸ್ಸು ಅಂತಾರೆ. ಕಿವಿಗೆ ಮಷೀನ್ ಹಾಕಿದ್ರೆ ಬರೀ ಗೊರಗೊರ."

ಕೂತು, ತಮ್ಮ ಅಂಗೈಯನ್ನು ನನ್ನ ಮುಂದೆ ಚಾಚಿದರು. "ಮೊದಲನೇದು ಬಂದಾಗ ಒಂದು ಬೆರಳು ಒತ್ತು, ಎರಡನೇದಕ್ಕೆ ಎರಡು. ನಿನಗೆ ಕೇಳಿಸ್ತಾ ಇರೋ ತನಕ ಬೆರಳು ಬಿಡಬೇಡ. ಸುಳ್ಳು ಒತ್ತಬೇಡ."

ಅಂದಿನಿಂದ ನಾಲ್ಕರ ಕೊನೆಯನ್ನೂ ನಾವು ಹೀಗೆ ಕೇಳಿದೆವು. ನಾನು ಕಣ್ಣು ಮುಚ್ಚಿ, ಫ್ಯಾನ್ ಆರಿಸಿ, ಬೀದಿಯ ಹಾರ್ನ್‌ಗಳ ನಡುವೆ ಆ ಎಳೆಯನ್ನು ಹಿಡಿದುಕೊಂಡಿರುತ್ತಿದ್ದೆ. ನನ್ನ ಬೆರಳು ಸಡಿಲಾದಾಗ ಮಾಮಿ, "ಹೋಯ್ತಾ?" ಎನ್ನುತ್ತಿದ್ದರು. ಹಳೆಯ ರೆಕಾರ್ಡಿನವನೇ ಎಲ್ಲರಿಗಿಂತ ಹೆಚ್ಚು ಹೊತ್ತು ಬಿಡದೆ ಹಿಡಿದವನು ಎಂದು ಅವರು ಅಂಗೈಯಿಂದಲೇ ತೀರ್ಮಾನಿಸಿದರು.

ಹಾಸನದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅಪ್ಪನಿಗೆ ನಾನು ಆಫೀಸಿನ ಕಾರಿನಲ್ಲಿ ಮನೆಗೆ ಬರುತ್ತಾ ದಿನವೂ ಫೋನು ಮಾಡುತ್ತಿದ್ದೆ. ಅವರ ಉತ್ತರವೂ ದಿನವೂ ಒಂದೇ: "ಚೆನ್ನಾಗಿದೀನಿ ಕಣವ್ವ, ಕೆಲ್ಸ ಆಯ್ತಾ?" ಅದೇ ವರ್ಷ ಒಂದು ಸಂಜೆ ಅವರು ಅದನ್ನೇ ಹೇಳಿದರು. ಆದರೆ "ಚೆನ್ನಾಗಿದೀನಿ" ಆದ ಮೇಲೆ ಹಿಂದಿನ ದಿನ ಇರದಿದ್ದ ಒಂದು ಬಿಡುವಿತ್ತು, ಮಾತಿನ ನಡುವೆ ಉಸಿರನ್ನು ಎತ್ತಿಕೊಂಡ ಹಾಗೆ. ಅಮ್ಮನನ್ನು ಕೇಳಿದರೆ, "ಏನೂ ಇಲ್ಲ, ಮಿಷನ್ ತುಳೀತಾ ಕೂತವ್ರೆ" ಎಂದರು. ಮರುದಿನ ಬೆಳಿಗ್ಗೆ ರಜೆ ಹಾಕಿ ರೈಲು ಹತ್ತಿದೆ. ಅಪ್ಪ ಗೊಣಗುತ್ತಲೇ ಆಸ್ಪತ್ರೆಗೆ ಬಂದರು. ಹೃದಯದ ಎರಡು ರಕ್ತನಾಳ ಕಟ್ಟಿಕೊಂಡಿದ್ದವು; ಸ್ಟೆಂಟ್ ಹಾಕಿದರು. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಹಿಂದಿರುಗಿ ಮಾಮಿಯ ಕಿವಿಗೆ ಬಾಯಿಟ್ಟು ಎಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: "ಯಾವ ಮಾತಲ್ಲಿ ಗೊತ್ತಾಯ್ತು?" ಹೇಳಿದೆ. "ಸೆರಿ," ಎಂದು ನನ್ನ ಕೆನ್ನೆ ತಟ್ಟಿ, ಕಾಫಿ ಬಿಸಿಮಾಡಲು ಎದ್ದುಹೋದರು. ಒಳಗೆ ಹೋದವರು ತುಸು ಹೊತ್ತು ಬರಲಿಲ್ಲ. ನೋಡಿದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಕಳೆದ ಮಾರ್ಗಳಿ ತಿಂಗಳಲ್ಲಿ ಮಾಮಿ ತೀರಿಕೊಂಡರು. ಮಲಗಿದವರು ಏಳಲಿಲ್ಲ. ಮಾಮಿ ನನಗೆ ಕೇಳುವುದನ್ನು ಕಲಿಸಿದ ಕಥೆಯನ್ನು ನನ್ನಿಂದ ತಿಳಿದಿದ್ದ ಅಪ್ಪ, ಹದಿಮೂರನೇ ದಿನಕ್ಕೆ ತಾವೇ ಬರುತ್ತೇನೆಂದರು. "ನೀವು ಅವರನ್ನ ನೋಡೇ ಇಲ್ವಲ್ಲಪ್ಪ" ಎಂದೆ. "ಅದಕ್ಕೇ ಬರಬೇಕು," ಎಂದು ಬ್ಯಾಗು ಹಿಡಿದು ಬಂದರು.

ಮಾಮಿಯ ಫೋಟೋದ ಮುಂದೆ ಅಪ್ಪ ಬಹಳ ಹೊತ್ತು ಕೈಮುಗಿದು ನಿಂತಿದ್ದರು. ಶೋಳಿಂಗನಲ್ಲೂರಿನಿಂದ ಬಂದಿದ್ದ ಮಾಮಿಯ ಮಗಳು, ಇವರಿಗೆ ಅಮ್ಮ ಹೇಗೆ ಗೊತ್ತು ಎಂದು ತಮಿಳಿನಲ್ಲಿ ಕೇಳಿದಳು. ಎಲ್ಲಿಂದ ಶುರುಮಾಡಬೇಕೋ ತಿಳಿಯದೆ, "ಇವರು ನಮ್ಮಪ್ಪ" ಎಂದಷ್ಟೇ ಹೇಳಿದೆ. ಅವಳು ಮತ್ತೇನೂ ಕೇಳದೆ, ಮನೆಯವರ ಪಂಕ್ತಿಯಲ್ಲೇ ಅವರಿಗೊಂದು ಎಲೆ ಹಾಕಿಸಿದಳು. ಅಪ್ಪ ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡರು.