ಕುಷ್ಟಗಿಯ ಹಿತ್ತಲಲ್ಲಿ ಕುಂದಾಪುರದ ಗುಳ್ಳ

“ಯಾರನ್ನ ಮಣ್ಣು ಮಾಡೀರಿ, ಅಕ್ಕೋರ?”

ಕುಷ್ಟಗಿಗೆ ಬಂದ ಎರಡನೆಯ ವಾರ, ಪಕ್ಕದ ಮನೆಯ ಮಾಬುಬೀ ಗೋಡೆಯಾಚೆಯಿಂದ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಅವರ ಕಣ್ಣು ನನ್ನ ಹಿತ್ತಲ ಮೇಲಿತ್ತು. ಅಲ್ಲಿ ಆರಡಿ ಉದ್ದ, ಎರಡಡಿ ಅಗಲ, ಗೇಣೆತ್ತರದ ಹೊಸ ಮಣ್ಣಿನ ದಿಬ್ಬ. ಒಂದು ತುದಿಗೆ ಗುರುತಿಗೆಂದು ನೆಟ್ಟ ಕಲ್ಲು. ಅವರ ಸಂಶಯಕ್ಕೆ ಆಧಾರವಿತ್ತು.

ಬದನೆ ಬೀಜ ಹಾಕಿದ್ದೇನೆ ಎಂದೆ. ಅವರು ನಗು ತಡೆದುಕೊಂಡು, ಇಲ್ಲಿ ಹೀಗೆ ಗೋರಿ ಕಟ್ಟಿ ಅಗಿ ಬೆಳೆಸುವುದಿಲ್ಲ ಎಂದು ಹೇಳಿ ಒಳಗೆ ಹೋದರು. ಅಗಿ ಎಂದರೆ ನಾಟಿಗೆ ಬೆಳೆಸುವ ಎಳೆಯ ಸಸಿ. ಅಕ್ಕೋರು ಎಂದರೆ ಸಾಲಿ ಕಲಿಸುವ ಹೆಂಗಸಿಗೆ ಕೊಡುವ ಮರ್ಯಾದೆ. ಪತ್ರಿಕೆಯ ವರದಿಗಾರ್ತಿಗೂ ಅದೇ ಸಾಕು ಎಂದು ಓಣಿ ಆಗಲೇ ತೀರ್ಮಾನಿಸಿತ್ತು.

ನನ್ನೂರು ಕುಂದಾಪುರದ ಓದುಗರಿಗೆ ಈ ದಿಬ್ಬ ವಿಚಿತ್ರವೆನಿಸದು. ನೀರು ನಿಂತರೆ ಬೇರು ಕೊಳೆಯುತ್ತದೆ, ಆದ್ದರಿಂದ ಮಣ್ಣು ಏರಿಸು ಎಂಬುದು ನಮಗೆ ಅಕ್ಷರಕ್ಕಿಂತ ಮೊದಲು ಬಂದ ಪಾಠ. ಅಲ್ಲಿ ಬಾಡಿಗೆ ಮನೆ ನೋಡುವಾಗ ಮಾಡು ಸೋರುತ್ತದೆಯೇ ಎಂದು ಕೇಳುತ್ತೇವೆ. ಇಲ್ಲಿ ಮನೆಯ ಮಾಲೀಕರು ಕೋಣೆಗಿಂತ ಮೊದಲು ನೀರಿನ ತೊಟ್ಟಿಯನ್ನು ತೋರಿಸಿದರು. ನಮ್ಮ ಓಣಿಗೆ ನಲ್ಲಿ ಬರುವುದು ನಾಲ್ಕು ದಿನಕ್ಕೊಮ್ಮೆ. ಆ ದಿನ ಯಾರೂ ಊರಿಗೆ ಹೋಗುವುದಿಲ್ಲ.

ಬೀಜದ ವಿಷಯ ಹೇಳಬೇಕು. ಅದು ನಮ್ಮ ದೊಡ್ಡಮ್ಮ ವರ್ಷ ವರ್ಷ ಬೂದಿಯಲ್ಲಿ ಹೊರಳಿಸಿ ಕಾದಿಟ್ಟುಕೊಂಡು ಬಂದ ಗುಳ್ಳದ್ದು, ಅಂದರೆ ತಿಳಿಹಸಿರು ಬಣ್ಣದ ಗುಂಡು ಬದನೆಯದ್ದು. ಅವರು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮನೆಯವರು ಬಾಡಿಗೆ ಕೋಣೆ ಕಟ್ಟಿಸಿದ್ದಾರೆ. ಉಳಿದ ನಲವತ್ತು ಬೀಜವನ್ನು ಕಾಗದದಲ್ಲಿ ಮಡಿಚಿ ನನಗೆ ಕೊಟ್ಟಿದ್ದರು. ಬೇರೆಲ್ಲೂ ಇರಲಿಲ್ಲ. ನಾನು ಕೆಡಿಸಿದರೆ ಆ ತಳಿ ನಮ್ಮ ಮನೆಗೆ ಮುಗಿದಂತೆ. ಶಿವರಾತ್ರಿಗೆ ಎರಡು ವಾರ ಮುಂಚೆ ಇಪ್ಪತ್ತನ್ನು ದಿಬ್ಬದಲ್ಲಿ ಹಾಕಿದ್ದೆ.

ಮಾಬುಬೀ ಮಾತು ಕೇಳಿದ ಮೇಲೆ ವೃತ್ತಿಯ ಅಭ್ಯಾಸದಂತೆ ಇನ್ನೊಬ್ಬರ ಬಳಿ ಖಚಿತಪಡಿಸಿಕೊಳ್ಳಲು ಹೊರಟೆ. ಕೆಲಸದ ಮೇಲೆ ಕಾರಟಗಿಗೆ ಹೋದಾಗ ಸಸಿ ಮಾರುವ ಹಿರಿಯರೊಬ್ಬರನ್ನು ವಿಚಾರಿಸಿದೆ. ಸಸಿಯ ಮಡಿ ಎತ್ತರವೇ ಇರಬೇಕು, ಇಲ್ಲದಿದ್ದರೆ ಕೊಳೆತಾವು ಎಂದು ಅವರು ಗಟ್ಟಿಯಾಗಿ ಹೇಳಿದರು. ಸಮಾಧಾನದಿಂದ ಮರಳಿದೆ. ದಿಬ್ಬ ಹಾಗೆಯೇ ಉಳಿಯಿತು.

ಹದಿನಾಲ್ಕು ಮೊಳಕೆ ಬಂದವು. ಹಾಕಿದ ನೀರು ಮಾತ್ರ ಇಳಿಜಾರಿನಲ್ಲಿ ಜಾರಿ ಗೋಡೆಯ ಬುಡ ಸೇರುತ್ತಿತ್ತು. ಎರೆಮಣ್ಣು ಒಣಗಿ ಬಿರುಕು ಬಿಟ್ಟಿತು. ಒಂದು ದಿನ ಬೆಳಿಗ್ಗೆ ನೀರು ಹಾಕಿ ಯಲಬುರ್ಗಾಕ್ಕೆ ಸುದ್ದಿಗೆ ಹೋದವಳು ಸಂಜೆ ಬಂದು ನೋಡಿದರೆ, ಹದಿನಾಲ್ಕೂ ಬಿಸಿಲಿಗೆ ಸುಟ್ಟು ದಾರದಂತೆ ಮಲಗಿದ್ದವು. ಮಾಬುಬೀ ಹೇಳಿದ ಗೋರಿ ಈಗ ನಿಜವಾಗಿತ್ತು.

ಅವರನ್ನು ಕರೆದು ತೋರಿಸಿದೆ. ಕಾರಟಗಿಯ ಸಂಗತಿಯನ್ನೂ ಒಪ್ಪಿಕೊಂಡೆ.

“ಕಾಲುವಿ ನೀರಾಗ ಕುಂತವರನ್ನ ಕೇಳಿ ಒಣಭೂಮ್ಯಾಗ ಬಿತ್ತೀರಲ್ರಿ,” ಎಂದರು ಮಾಬುಬೀ. “ಅವರದು ಅವರಿಗೆ ಖರೇ ಐತಿ. ಮಗ್ಗಲ ಮನಿಯಾಕಿ ಮಾತು ಪೇಪರಿಗೆ ಸಾಲಲಿಲ್ಲೇನು?”

ಒಂದೇ ಜಿಲ್ಲೆ ಎಂಬ ಒಂದೇ ಕಾರಣಕ್ಕೆ ನಾನು ಭತ್ತದ ಗದ್ದೆಯ ಸಾಕ್ಷಿಯನ್ನು ಜೋಳದ ಹೊಲಕ್ಕೆ ತಂದಿದ್ದೆ.

ಮಾಬುಬೀ ತವರು ಬೇವೂರು, ಮಳೆ ನೆಚ್ಚಿದ ಊರು. ಮರುದಿನ ಸೆರಗು ಸಿಕ್ಕಿಸಿಕೊಂಡು ಗುದ್ದಲಿ ಹಿಡಿದು ಬಂದರು. ದಿಬ್ಬ ಕೆಡವಿ, ಅದೇ ಜಾಗದಲ್ಲಿ ಗೇಣಾಳ ತಗ್ಗು ತೆಗೆಸಿದರು. ಆಡಿನ ಹಿಕ್ಕೆಯ ಗೊಬ್ಬರ ಪುಡಿ ಮಾಡಿ ಬೆರೆಸಿದರು. ಸುತ್ತ ಸಣ್ಣ ಒಡ್ಡು ಕಟ್ಟಿಸಿದರು.

“ನೀರಿಗೆ ಓಡಾಕ ದಾರಿ ಮಾಡಬ್ಯಾಡ್ರಿ. ಕುಂದ್ರಾಕ ಜಾಗ ಮಾಡಿಕೊಡ್ರಿ.”

ಉಳಿದ ಇಪ್ಪತ್ತು ಬೀಜ ಅದರೊಳಗೆ ಬಿದ್ದವು. ಮೇಲೆ ತೊಗರಿ ಕಟ್ಟಿಗೆಯ ಚಪ್ಪರ ಹಾಕಿದೆವು. ನಮ್ಮಲ್ಲಿ ತೆಂಗಿನ ಮಡಲು ಕಟ್ಟಿ ಮಳೆಯಿಂದ ಕಾಯುತ್ತೇವೆ, ಇಲ್ಲಿ ತೊಗರಿ ಕಟ್ಟಿಗೆ ಕಟ್ಟಿ ಬಿಸಿಲಿನಿಂದ ಕಾಯುತ್ತಾರೆ. ಕಟ್ಟುವ ಗಂಟು ಒಂದೇ.

ನಾನು ಸುದ್ದಿಗೆ ಹೋದ ದಿನಗಳಲ್ಲಿ ಮಾಬುಬೀ ತಾವು ಅಕ್ಕಿ ತೊಳೆದ ನೀರನ್ನು ಗೋಡೆಯ ಮೇಲಿನಿಂದಲೇ ಅಳತೆ ತಪ್ಪದೆ ಸುರಿಯುತ್ತಿದ್ದರು. ಹನ್ನೊಂದು ಅಗಿ ಎದ್ದವು. ಯುಗಾದಿಯ ವಾರ ನಾಟಿಗೆ ಬಂದಾಗ ಏಳು ನಾನಿಟ್ಟುಕೊಂಡೆ, ನಾಲ್ಕು ಗೋಡೆ ದಾಟಿದವು. ಒಬ್ಬರ ಹಿತ್ತಲು ಸೋತರೆ ಇನ್ನೊಬ್ಬರದ್ದು ಇರಲಿ ಎಂಬುದು ನನ್ನ ಲೆಕ್ಕಾಚಾರ. ಸೋಲಲಿಲ್ಲ.

ಕಾರಹುಣ್ಣಿಮೆಗೆ ಕಾಯಿ ಬಂದವು. ಮಾಬುಬೀ ಅವನ್ನು ಸೀಳಿ, ಶೇಂಗಾ ಪುಡಿ ತುಂಬಿ ಎಣ್ಣೆಗಾಯಿ ಮಾಡಿದರು. ನಾನು ತೆಂಗಿನಕಾಯಿ ಅರೆದು ಹುಳಿ ಮಾಡಿ ಕಳುಹಿಸಿದೆ. ಹುಳಿಯ ಪಾತ್ರೆ ಖಾಲಿಯಾಗಿ ಮರಳಿತು. ಜೊತೆಗೆ ಗರಿಗರಿಯಾದ ಕಟಕ ರೊಟ್ಟಿ, ಮತ್ತು ಒಂದು ತೀರ್ಪು: “ಛಲೋ ಐತ್ರಿ. ಖಾರ ಒಂದಿಷ್ಟು ಭಯ ಬಿಟ್ಟು ಹಾಕ್ರಿ.”

ಒಂದು ಕಾಯನ್ನು ಬೀಜಕ್ಕೆಂದು ಗಿಡದಲ್ಲೇ ಹಳದಿಯಾಗಲು ಬಿಟ್ಟಿದ್ದೆ. ನಲವತ್ತು ಹೋದಲ್ಲಿ ನೂರಾರು ಬಂದವು. ದೊಡ್ಡಮ್ಮನಿಗೆ ಕಳುಹಿಸುವ ಮುಂಚೆ ಫೋನ್ ಮಾಡಿ, ಕಾಯಿ ತುಸು ಚಿಕ್ಕದು, ಸಿಪ್ಪೆ ದಪ್ಪ, ರುಚಿ ಅದೇ ಎಂದು ವರದಿ ಒಪ್ಪಿಸಿದೆ. ಕುಂಡದಲ್ಲಾದರೂ ಹಾಕುತ್ತೇನೆ, ಬೇಗ ಕಳಿಸು ಎಂದರು. ಆಮೇಲೆ, ಹುಡುಗಿಯನ್ನು ‘ಹೆಣೆ’ ಎಂದು ಕರೆಯುವ ನಮ್ಮೂರ ಮಾತಿನಲ್ಲಿ ಸೇರಿಸಿದರು: “ಹಂಗಾರೆ ಅದ್ ಕುಷ್ಟಗಿ ಗುಳ್ಳ ಆಯ್ತ್, ಹೆಣೆ.”

ಇತ್ತ ನಮ್ಮ ಓಣಿಯಲ್ಲಿ ಅಗಿ ಕೇಳಲು ಬರುವವರೆಲ್ಲ ಅದನ್ನು ಕರೆಯುವುದು ‘ಕುಂದಾಪುರದ ಬದ್ನಿ’ ಎಂದು.

ಬರೆದ ಪ್ರತಿ ಸುದ್ದಿಯ ತಲೆಗೆ ಊರಿನ ಹೆಸರು ಹಾಕಿ ಅಭ್ಯಾಸವಾದವಳು ನಾನು. ಬೀಜದ ಪೊಟ್ಟಣ ಹಿಡಿದು, ಮೇಲೆ ಯಾವ ಊರು ಬರೆಯಲಿ ಎಂದು ಮಾಬುಬೀಯನ್ನು ಕೇಳಿದೆ. ಅವರು ಗೋಡೆಯ ಮೇಲೆ ಮೊಣಕೈ ಊರಿ ನನ್ನನ್ನೇ ನೋಡಿದರು.

“ಮೊದಲ ನೀವು ಎಲ್ಲಿಯವರು ಅಂತ ಬರೀರಿ. ಬೀಜಕ್ಕೂ ಅದೇ ಊರು ಹಚ್ಚೂಣು.”

ಪೊಟ್ಟಣವನ್ನು ಹಾಗೆಯೇ ಮಡಿಚಿ ಅಂಚೆಗೆ ಹಾಕಿದೆ. ಊರಿನ ಹೆಸರಿಲ್ಲ, ಮೇಲೆ ಬರೆದದ್ದು ಇಷ್ಟೇ: ಬದನೆ. ನೀರು ಕೂರಿಸಿ ಬೆಳೆದದ್ದು.