ನೀಲವ್ವ ಮಳೆ ತರಲಿಲ್ಲ

ಅವತ್ತು ನಾನು ಹೇಳಿದ್ದು ಸುಳ್ಳು. ಮಳೆ ಬರುತ್ತದೆ ಅಂತ ನೀಲವ್ವ ಬೆಳಿಗ್ಗೆಯೇ ನನಗೆ ಹೇಳಿದ್ದಳು. ನಾನು ಮನೆಯಲ್ಲಿ ಹೇಳಲಿಲ್ಲ. ಕೇಳಿದಾಗ ಆಕೆ ಹೇಳಿಯೇ ಇಲ್ಲ ಎಂದೆ. ಇಳಕಲ್ಲಿನ ನಮ್ಮ ಓಣಿಯವರೇ, ಸರಿಯಾಗಿ ಓದಿಕೊಳ್ಳಿ — ಇಷ್ಟು ವರ್ಷ ನೀವು ಆಕೆಯನ್ನು ಕರಿನಾಲಿಗೆಯವಳು ಅಂತ ಕರೆದಿರಲ್ಲ, ಆ ಹೆಸರು ಹುಟ್ಟಿದ್ದು ನನ್ನ ಬಾಯಿಂದ.

ನಮ್ಮದು ನೇಕಾರರ ಮನೆ. ನೂಲಿನ ಹಾಸನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುವ ದಿನ ಅಕ್ಕಪಕ್ಕದವರೆಲ್ಲ ಬಂದು ಹಿಡಿಯಬೇಕು. ಇವತ್ತು ನಮ್ಮ ಮನೆಯದು, ನಾಳೆ ನಿಮ್ಮದು. ಕರೆಯದೆ ಬಿಟ್ಟರೆ ಓಣಿಯಿಂದಲೇ ಹೊರಗಿಟ್ಟ ಹಾಗೆ. ಗಂಡ ಸತ್ತ ಮೇಲೆ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತ, ಆಡು ಸಾಕಿಕೊಂಡು ಒಬ್ಬಳೇ ಇದ್ದ ನೀಲವ್ವನಿಗೆ ನಾಲ್ಕು ಜನರೊಡನೆ ನಕ್ಕು ಮಾತಾಡಲು ಇದ್ದದ್ದು ಆ ದಿನಗಳೇ.

ಸಂಕ್ರಾಂತಿ ಹತ್ತಿರವಿತ್ತು, ಮೈ ಕೊರೆಯುವ ಚಳಿ. ನಳದ ಹತ್ತಿರ ಆಕೆ ನನ್ನನ್ನು ನಿಲ್ಲಿಸಿದಳು.

“ತಂಗೀ, ಆಡು ಹೊರಗ ಬರವಲ್ಲವು. ಮೂಡಣಕ್ಕ ಬೆನ್ನ ಮಾಡಿ ಒತ್ತಿಕೊಂಡು ನಿಂತಾವ. ಇರುವಿ ತತ್ತಿ ಹೊತ್ಕೊಂಡು ಗ್ವಾಡಿ ಏರಾಕತ್ತಾವ. ಗಾಳಿಮಳಿ ಬರತೈತಿ. ಇವತ್ತ ಹಾಸು ಎಳೀಬ್ಯಾಡ್ರಿ ಅಂತ ನಿಮ್ಮ ಮಾವಗ ಹೇಳು.”

ಮಾವ ಇಂಥದ್ದನ್ನು ನಂಬುವವರು. ಹೇಳಿದ್ದರೆ ಕೆಲಸ ಮುಂದಕ್ಕೆ ಹೋಗುತ್ತಿತ್ತು, ಹಾಸು ಮುಗಿಯದೆ ನನ್ನನ್ನು ಹಬ್ಬಕ್ಕೆ ತವರಿಗೆ ಕಳಿಸುತ್ತಿರಲಿಲ್ಲ. ನನ್ನ ತವರು ಬಾದಾಮಿಗೆ ಅಕ್ಕಂದಿರೂ ಬರುವವರಿದ್ದರು, ಎಲ್ಲರೂ ಕೂಡಿ ಮಹಾಕೂಟದ ಹೊಂಡದಲ್ಲಿ ಮಿಂದು… ಅಷ್ಟೇ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡೆ.

ಹೇಳಿ ಕಳಿಸಿದರೂ ಮಾವ ಕೇಳಲಿಲ್ಲ ಎಂದುಕೊಂಡು ನೀಲವ್ವನೂ ಹಾಸು ಹಿಡಿಯಲು ಬಂದಳು. ಮಧ್ಯಾಹ್ನ ಗಾಳಿ ಎದ್ದಿತು, ಹಿಂದೆಯೇ ಮಳೆ. ಗಂಜಿ ತೊಳೆದುಹೋಗಿ, ಎಳೆಗೆ ಎಳೆ ಸಿಕ್ಕುಬಿದ್ದು, ಇಡೀ ಹಾಸು ಕೆಸರುಪಾಲಾಯಿತು. ಆಗ ಪಕ್ಕದ ಮನೆಯಾಕೆ, “ಮುಂಜಾನಿ ನಳದ ಹತ್ರ ನೀಲವ್ವ ಮಳಿ ಮಳಿ ಅನ್ನಾಕತ್ತಿದ್ಳು” ಎಂದಳು.

ಮಾವ ನನ್ನ ಕಡೆ ತಿರುಗಿದರು. “ನಿನಗೇನರ ಹೇಳಿದ್ಳೇನು?”

“ಇಲ್ರೀ ಮಾವಾ.”

“ಹೇಳೀನ್ರೀ ಅಣ್ಣಾ…” ಎಂದಳು ನೀಲವ್ವ. ತೊಯ್ದ ಹಾಸಿನ ತುದಿ ಇನ್ನೂ ಆಕೆಯ ಕೈಯಲ್ಲೇ ಇತ್ತು. ಸೊಸೆಯ ಮಾತಿನೆದುರು ಆಕೆಯ ಮಾತನ್ನು ಯಾರು ಕೇಳುತ್ತಾರೆ?

“ಹೇಳಿಲ್ಲ, ಶಾಪಾ ಹಾಕ್ಯಾಳ! ಇನ್ನ ಈಕಿ ನಮ್ಮ ಹಾಸು ಮುಟ್ಟೂದು ಬ್ಯಾಡ” ಎಂದರು ಮಾವ.

ನಮ್ಮ ಮನೆಯ ಮಾತು ಓಣಿಯ ಕಟ್ಟಳೆಯಾಯಿತು. ಆಮೇಲೆ ಯಾರೂ ಆಕೆಯನ್ನು ಕರೆಯಲಿಲ್ಲ. ನಾನು ಆ ಸಂಕ್ರಾಂತಿಗೆ ತವರಿಗೆ ಹೋದೆ. ಹೊಂಡದಲ್ಲಿ ಮಿಂದೆ ಕೂಡ — ಥೂ!

ಈಗ ನೀವೆಲ್ಲ ಮೊಬೈಲ್ ನೋಡಿ ನಾಳೆ ಮಳೆ ಅನ್ನುತ್ತೀರಿ, ಹಾಸು ಎಳೆಯುವುದನ್ನು ಮುಂದಕ್ಕೆ ಹಾಕುತ್ತೀರಿ. ಯಾರಾದರೂ ಒಬ್ಬರು ಮೊಬೈಲಿಗೆ ಕರಿನಾಲಿಗೆ ಅಂದಿದ್ದೀರಾ? ಗಂಡನಿಲ್ಲದ ಹೆಂಗಸು ಹೇಳಿದರೆ ಮಾತ್ರ ಮಳೆ ಆಕೆಯ ಬಾಯಿಂದ ಸುರಿಯುತ್ತದೆಯೇ? ನಾಚಿಕೆಯಾಗಬೇಕು ನಿಮಗೆ. ನಿಮಗಿಂತ ಮೊದಲು ನನಗೆ — ನೀವು ತಿಳಿಯದೆ ಆಡಿದಿರಿ, ನಾನು ತಿಳಿದೂ ಸುಮ್ಮನಿದ್ದೆ. ಮಾವನಿಗೆ ಹೆದರಿದೆ ಅನ್ನೋಣವೆಂದರೆ, ಅವರು ಹೋಗಿ ಎಷ್ಟೋ ಕಾಲವಾಯಿತು. ಆಮೇಲೂ ನನಗೆ ಬಾಯಿ ಬರಲಿಲ್ಲ.

ಮೊನ್ನೆ ನೀಲವ್ವನ ಮನೆಗೆ ಹೋಗಿ, ಕೈಮುಗಿದು ಎಲ್ಲ ಹೇಳಿದೆ. ಆಕೆ ನನಗೆ ಕೂತುಕೋ ಅನ್ನಲಿಲ್ಲ.

“ನನಗ್ಯಾಕ ಹೇಳ್ತಿ? ನಾ ಹೇಳಿದ್ದು ನನಗ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳು.”

ಅದಕ್ಕೇ ಹೇಳುತ್ತಿದ್ದೇನೆ. ಮುಂದಿನ ಸಲ ನಮ್ಮ ಹಾಸು ಓಣಿಗೆ ಬಂದಾಗ, ಓದು ಬಾರದವರಿಗೂ ಕೇಳುವ ಹಾಗೆ ನಡುವೆ ನಿಂತು ಇದನ್ನೇ ಕೂಗಿ ಹೇಳುತ್ತೇನೆ. ಕೇಳಿದ ಮೇಲೆ ಹಾಸು ಹಿಡಿಯಲು ಆಕೆಯನ್ನು ಕರೆಯಿರಿ. ನನ್ನನ್ನು ಕರೆಯಬೇಡಿ.