ಯಾರ ಮಗಳು ಎಂದು ಕೇಳುವ ಹಬ್ಬ

ನನಗೆ ಭಯವಾಗುವ ಪ್ರಶ್ನೆ ಒಂದೇ: "ನೀವು ಯಾರ ಪೈಕಿ?" ವೀಸಾ ಆಫೀಸರ ಮುಂದೆಯೂ ನಾನು ಇಷ್ಟು ಬೆವರಿದವಳಲ್ಲ. ಅವರಿಗೆ ಪಾಸ್‌ಪೋರ್ಟ್ ತೋರಿಸಿದರೆ ಸಾಕಿತ್ತು. ನಮ್ಮವರಿಗೆ ಸಾಲದು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅಮೆರಿಕದ ಷಾರ್ಲಟ್ ನಗರದ ಬ್ಯಾಲಂಟೈನ್ ಬಡಾವಣೆಯಲ್ಲಿ ಸುಲೋಚನಾ ಆಂಟಿಯ ಇಂಡಿಯನ್ ಅಂಗಡಿಯಿದೆ. ಅದರ ಹಿಂಭಾಗದ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತೇನೆ. ನಮ್ಮಪ್ಪ ತಮಟೆ ಹನುಮಯ್ಯ. ಊರಿಗೆ ಅವನು ಮದುವೆಗೂ ಬೇಕಿತ್ತು, ಸಾವಿಗೂ ಬೇಕಿತ್ತು, ಊಟದ ಪಂಕ್ತಿಗೆ ಮಾತ್ರ ಬೇಡ. ಅಪ್ಪನ ಕೈ ತಮ್ಮ ನಾಗರಾಜನಿಗೆ ಬಂತು. ಆ ಪಂಕ್ತಿಯ ಹೆದರಿಕೆ ನನಗೆ ಬಂತು.

ಕೊರೊನಾ ಕಳೆದು ಹಾಲ್‌ಗಳು ಬಾಗಿಲು ತೆರೆದ ವರ್ಷ, ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ತಮಟೆಯವರನ್ನು ಹುಡುಕುತ್ತಿದ್ದರು. ಅಟ್ಲಾಂಟಾದಲ್ಲಿ ಟ್ರಕ್ ಓಡಿಸುವ ನಾಗರಾಜ ಅದು ಹೇಗೋ ತಿಳಿದು, ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದು ಬಾರಿಸಿದ. ಡಾಕ್ಟರ್ ಅಂಕಲ್‌ಗಳೆಲ್ಲ ಪಂಚೆ ಎತ್ತಿ ಕಟ್ಟಿ ಕುಣಿದರು. ಆಂಟಿ ನನ್ನ ಭುಜ ಹಿಡಿದು, "ಎಂಥಾ ಕೈ ರತ್ನಾ ಇವಂದು! ನಿಮ್ ಕಡೆಯವನಾ?" ಎಂದರು.

"ಗೊತ್ತಿಲ್ಲ ಆಂಟಿ. ಯಾರೋ ಅಟ್ಲಾಂಟಾದವ್ರಂತೆ."

ತಿರುಗಿದರೆ ನಾಗರಾಜ ನನಗೆಂದು ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದ. ತಟ್ಟೆಯನ್ನು ಮೇಜಿನ ಮೇಲಿಟ್ಟ. ಹೊರಟುಹೋದ. ಆಮೇಲೆ ಎರಡು ವರ್ಷ ನನ್ನ ಫೋನ್ ಎತ್ತಲಿಲ್ಲ.

ಇದನ್ನು ನಾನು ಹೇಳಿಕೊಂಡದ್ದು ನಕಾಟೊ ಒಬ್ಬಳ ಹತ್ತಿರ. ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ತರಕಾರಿ ಹೆಚ್ಚುವವಳು. ಯುಗಾಂಡಾದ ಬಗಾಂಡ ಜನದವಳು. ನಮ್ಮ ಅಡುಗೆಯೆಲ್ಲ ಅವಳಿಗೆ ಇಷ್ಟ. ಆದರೆ ಮಶ್ರೂಮ್ ಮಸಾಲ ರುಚಿ ನೋಡು ಎಂದರೆ ಎರಡೂ ಕೈ ಹಿಂದಕ್ಕೆ ಕಟ್ಟುತ್ತಾಳೆ. ಅಲರ್ಜಿಯೇನೋ ಅಂದುಕೊಂಡಿದ್ದೆ.

"ಅಣಬೆ ನನ್ನ ಕುಲ ಅಕ್ಕಾ," ಎಂದು ನಕ್ಕಳು. ಇಂಗ್ಲಿಷಿನ ನಡುವೆ ಆ 'ಅಕ್ಕಾ' ಒಂದನ್ನು ಅವಳು ನಮ್ಮಿಂದ ಕಲಿತಿದ್ದಳು. "ನಮ್ಮವರನ್ನ ನಾವೇ ತಿಂತೀವಾ?"

ಅವರಲ್ಲಿ ಕುಲಕ್ಕೊಂದು ಪ್ರಾಣಿ ಅಥವಾ ಗಿಡ ಇರುತ್ತದಂತೆ, ಅದನ್ನು ತಿನ್ನುವಂತಿಲ್ಲ. ಒಂದು ಕುಲದವರೆಲ್ಲ ಒಡಹುಟ್ಟಿದವರ ಲೆಕ್ಕ. ನಮ್ಮಲ್ಲೂ ಬೆಡಗು ಎಂದು ಹೀಗೆ ಮರದ, ಪ್ರಾಣಿಯ ಹೆಸರುಗಳಿವೆ. ಹೆಣ್ಣು ನೋಡುವಾಗ ನಾವು ಅದನ್ನು ಪಿಸುಗುಟ್ಟುತ್ತೇವೆ. ಅವರಿಗೆ ಕುಲಕ್ಕೊಂದು ಡೋಲಿನ ಪೆಟ್ಟೇ ಇದೆ, ಬಡಿದು ಸಾರುತ್ತಾರೆ.

ಹೋದ ಬೇಸಿಗೆಯಲ್ಲಿ ಇಲ್ಲೇ ಒಂದು ಹಾಲ್‌ನಲ್ಲಿ ಅವರ ಸಂಗೀತದ ಹಬ್ಬ ನಡೆಯಿತು. ಸಮೋಸಾ ಆರ್ಡರ್ ನಮ್ಮ ಅಂಗಡಿಗೇ ಸಿಕ್ಕಿತ್ತು. ಟ್ರೇ ಹೊತ್ತು ನಾನೂ ಆಂಟಿಯೂ ಹೋದೆವು. ವೇದಿಕೆಯಲ್ಲಿ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ ವಾದ್ಯ. ಅವರ ಊರಲ್ಲಿ ಅದನ್ನು ಬಾಳೆದಿಂಡಿನ ಮೇಲೆ ಇಡುತ್ತಾರಂತೆ. ಇಲ್ಲಿ ಮಕ್ಕಳು ಈಜಲು ಹಿಡಿಯುವ ಸ್ಪಂಜಿನ ಕೊಳವೆಗಳ ಮೇಲೆ ಇಟ್ಟಿದ್ದರು. ಎದುರುಬದುರು ಕೂತ ಇಬ್ಬರಲ್ಲಿ ಒಬ್ಬನ ಪೆಟ್ಟಿನ ಸಂದಿಗೆ ಇನ್ನೊಬ್ಬನ ಪೆಟ್ಟು ಬೀಳುತ್ತಿತ್ತು. ನೀರು ಕುಡಿಯಲು ಒಬ್ಬ ಕೈ ತೆಗೆದಾಗ ಉಳಿದದ್ದು ಹಾಡೇ ಅಲ್ಲ. ನನಗೆ ನಾಗರಾಜ ನೆನಪಾದ.

ಆಮೇಲೆ ಕುಲದ ಪೆಟ್ಟುಗಳು ಶುರುವಾದವು. ಅಣಬೆಯವರ ಪೆಟ್ಟು ಬಿದ್ದದ್ದೇ ನಕಾಟೊ ಎದ್ದಳು. ಇಂಗ್ಲಿಷ್ ಬಿಟ್ಟು ಬೇರೇನೂ ಬಾರದ, ಇಲ್ಲೇ ಹುಟ್ಟಿದ ಹುಡುಗಿಯರೂ ಎದ್ದು ಕೂಗಿದರು. ಬಳಿಕ ಮೈಕು ಕೈಯಿಂದ ಕೈಗೆ ಹೊರಟಿತು. ಹಿಡಿದವರು ತಮ್ಮ ಹೆಸರು, ತಂದೆಯ ಹೆಸರು, ತಾತನ ಹೆಸರು ಹೇಳಬೇಕು. ಅತಿಥಿಗಳಿಗೂ ವಿನಾಯಿತಿಯಿಲ್ಲ.

"ನಿನ್ನ ಭಾಷೆಯಲ್ಲೇ ಹೇಳಕ್ಕಾ. ಯಾರಿಗೂ ಗೊತ್ತಾಗಲ್ಲ," ಎಂದು ನಕಾಟೊ ಮೈಕನ್ನು ನನ್ನ ಕೈಗಿಟ್ಟಳು.

ತುಂಬಿದ ಹಾಲ್‌ನಲ್ಲಿ ಅದು ಅರ್ಥವಾಗುವವರು ಒಬ್ಬರೇ ಇದ್ದರು. ಅವರು ಸಮೋಸಾದ ಇಕ್ಕಳ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದರು. ಬರೀ ಹೆಸರು ಹೇಳಿ ಕೂತುಬಿಡೋಣ ಎನಿಸಿತು. ಜನ ಕಾಯುತ್ತಿದ್ದರು.

"ನಾನು ರತ್ನ. ತಮಟೆ ಹನುಮಯ್ಯನ ಮಗಳು. ತಮಟೆ ನಾಗರಾಜನ ಅಕ್ಕ."

ಏನೂ ತಿಳಿಯದ ಜನ ಚಪ್ಪಾಳೆ ತಟ್ಟಿದರು. ಆಂಟಿ ತಟ್ಟಲಿಲ್ಲ.

"ಅವತ್ತು ಬಾರಿಸ್ದೋನು ನಿನ್ ತಮ್ಮನಾ?"

"ಹೂಂ ಆಂಟಿ."

"ನನ್ ಹತ್ರ ಯಾಕೆ ಸುಳ್ಳು ಹೇಳ್ದೆ?"

"ನೀವು ಹೆಂಗೆ ತಗೋತೀರೋ ಅಂತ."

ಆಂಟಿ ಸಮೋಸಾ ಬಡಿಸಲು ಹೋದರು. ಅದನ್ನು ಅವರು ಹೇಗೆ ತಗೊಂಡರೋ ಇವತ್ತಿಗೂ ನನಗೆ ತಿಳಿಯದು. ಸೋಮವಾರ ಲಟ್ಟಿಸಲು ಹಿಟ್ಟು ಮಾತ್ರ ಎಂದಿನಷ್ಟೇ ಕೊಟ್ಟರು.

ನಕಾಟೊ ನನ್ನ ಮಾತನ್ನು ವಿಡಿಯೊ ಮಾಡಿದ್ದಳು. ಹಬ್ಬದ ದಿನವೇ ಅದನ್ನು ನಾಗರಾಜನಿಗೆ ಕಳಿಸಿದ್ದೆ. ಜೊತೆಗೆ ಏನು ಬರೆಯಬೇಕೋ ತೋಚದೆ ಏನೂ ಬರೆದಿರಲಿಲ್ಲ. ಟ್ರೇಗಳನ್ನೆಲ್ಲ ತೊಳೆದು ಮುಗಿಸುವಷ್ಟರಲ್ಲಿ ಉತ್ತರ ಬಂದಿತ್ತು:

"ತಾತನ ಹೆಸರು ಬಿಟ್ಟಿದ್ದೀಯ."

ನಿಜ ಹೇಳಬೇಕೆಂದರೆ ನನಗದು ಗೊತ್ತೇ ಇರಲಿಲ್ಲ. ತಾತ ನನಗೆ ಬರೀ ತಾತ. ಎರಡು ವರ್ಷ ಕ್ಷಮೆ ಕೇಳಬೇಕೆಂದು ಫೋನ್ ಮಾಡುತ್ತಿದ್ದೆ, ಅವನು ಎತ್ತುತ್ತಿರಲಿಲ್ಲ. ಈ ಸಲ ಬೇರೆ ಕೆಲಸವಿತ್ತು. ಎರಡನೇ ರಿಂಗಿಗೇ ಎತ್ತಿದ.

"ತಾತನ ಹೆಸರೇನೋ?" ಎಂದೆ.

"ಪೆನ್ನು ತಗೋ," ಎಂದ. "ಮರ್ತೋಗೋಳು ನೀನು."